ಇಂಗ್ಲಿಷ್ ವಾಕ್ಯದಲ್ಲಿ ಕಾಲವನ್ನು ಹೊರುವವರು ಯಾರು? ಹೆಲ್ಪಿಂಗ್ ವರ್ಬ್‌ಗಳ ಲೆಕ್ಕಾಚಾರ

‘ಐ ಡಿಡ್ ನಾಟ್ ವೆಂಟ್’ ತಪ್ಪು ಅಂತ ಬಹಳ ಜನಕ್ಕೆ ಗೊತ್ತು. ಯಾಕೆ ತಪ್ಪು ಅಂತ ಕೇಳಿದರೆ ‘ಡಿಡ್ ಬಂದ ಮೇಲೆ ವಿ1 ಬರಬೇಕು’ ಎಂಬ ಶಾಲೆಯ ಬಾಯಿಪಾಠವೇ ಉತ್ತರವಾಗಿ ಬರುತ್ತದೆ. (ವಿ1 ಅಂದರೆ ‘ಗೋ’ ತರಹದ ಮೂಲ ರೂಪ, ವಿ2 ‘ವೆಂಟ್’ ತರಹದ ಭೂತಕಾಲದ ರೂಪ, ವಿ3 ‘ಗಾನ್’ ತರಹದ ಮೂರನೆಯ ರೂಪ.) ಬಾಯಿಪಾಠದ ತೊಂದರೆ ಏನೆಂದರೆ, ಬರೆಯುವಾಗ ನೆನಪಿರುತ್ತದೆ, ಇಂಟರ್‌ವ್ಯೂನಲ್ಲಿ ಎದುರಿಗೆ ಮೂರು ಜನ ಕೂತಿರುವಾಗ ಕೈಕೊಡುತ್ತದೆ. ಹಾಗಾಗಿ ನಿಯಮಕ್ಕಿಂತ ಮೊದಲು ಅದರ ಕಾರಣವನ್ನು ಹಿಡಿಯೋಣ. ಆ ಕಾರಣ ನಮ್ಮ ಕನ್ನಡದಲ್ಲೇ ಕಣ್ಣಿಗೆ ಕಾಣುವಂತಿದೆ.

‘ನಾನು ಹೋದೆ’ ಎಂಬುದನ್ನು ಇಲ್ಲವೆಂದು ಹೇಳಿ ನೋಡಿ. ‘ನಾನು ಹೋಗಲಿಲ್ಲ’ ಅನ್ನುತ್ತೇವೆ. ‘ಹೋದೆಲಿಲ್ಲ’ ಅಂತ ಯಾರೂ ಅನ್ನುವುದಿಲ್ಲ. ‘ಹೋದೆ’ಯಲ್ಲಿ ಭೂತಕಾಲ ತೋರಿಸುತ್ತಿದ್ದ ‘ದ’ ಬಿದ್ದುಹೋಯಿತು, ‘ನಾನು’ ಎಂದು ತೋರಿಸುತ್ತಿದ್ದ ಕೊನೆಯ ‘ಎ’ ಕೂಡ ಹೋಯಿತು. ಉಳಿದದ್ದು ಬರೀ ‘ಹೋಗು’ ಧಾತು. ನಡೆದುಹೋದ ಕಾಲದ ಮಾತು ಎಂದು ಈಗ ಹೇಳುತ್ತಿರುವುದು ಹಿಂದೆ ಬಂದು ಸೇರಿದ ‘ಲಿಲ್ಲ’. ನಾನು, ನೀನು, ಅವರು, ಯಾರೇ ಆದರೂ ‘ಹೋಗಲಿಲ್ಲ’ ಒಂದೇ. ‘ಡಿಡ್ ನಾಟ್ ಗೋ’ದಲ್ಲಿ ನಡೆಯುವುದೂ ಇದೇ. ‘ವೆಂಟ್’ನಲ್ಲಿದ್ದ ಭೂತಕಾಲವನ್ನು ‘ಡಿಡ್’ ಕಿತ್ತುಕೊಂಡಿದೆ, ಹಾಗಾಗಿ ಮುಖ್ಯ ಕ್ರಿಯಾಪದ ಬರಿಗೈಯಲ್ಲಿ ‘ಗೋ’ ಆಗಿ ನಿಂತಿದೆ. ‘ಡಿಡ್ ನಾಟ್ ವೆಂಟ್’ ಇಂಗ್ಲಿಷಿನವರ ಕಿವಿಗೆ ‘ಹೋದೆಲಿಲ್ಲ’ದಷ್ಟೇ ವಿಚಿತ್ರವಾಗಿ ಕೇಳುತ್ತದೆ. ವ್ಯತ್ಯಾಸ ಇಷ್ಟೆ: ಕನ್ನಡದಲ್ಲಿ ಇಂಥ ಕೆಲಸ ಕ್ರಿಯಾಪದದ ಬಾಲದಲ್ಲಿ ನಡೆಯುತ್ತದೆ, ಇಂಗ್ಲಿಷಿನಲ್ಲಿ ಅದರ ಮುಂದೆ ಬೇರೆ ಪದವಾಗಿ ನಿಲ್ಲುತ್ತದೆ.

‘ಡಿಡ್’ನಂಥ ಹೆಲ್ಪಿಂಗ್ ವರ್ಬ್‌ಗಳ, ಅಂದರೆ ಸಹಾಯಕ ಕ್ರಿಯಾಪದಗಳ ಬಗ್ಗೆ ತಿಳಿಯಬೇಕಾದ ಮೂಲ ಸೂತ್ರ ಇದರಲ್ಲೇ ಇದೆ. ಒಂದು ವಾಕ್ಯದ ಕ್ರಿಯಾಪದಗಳ ಸಾಲಿನಲ್ಲಿ ಕಾಲ ಹೊರುವುದು ಒಂದೇ ಪದ, ಅದೂ ಸಾಲಿನ ಮೊದಲ ಪದ. ‘ಹಿ’, ‘ಶಿ’, ‘ಇಟ್’ ಬಂದಾಗ ಅಂಟುವ ‘ಎಸ್’ ಕೂಡ ಅದಕ್ಕೇ ಅಂಟುತ್ತದೆ. ‘ಹಿ ನೋಸ್’ ಸರಿ. ಪ್ರಶ್ನೆಯಾದಾಗ ‘ಡಸ್ ಹಿ ನೋ?’ ಆಗುತ್ತದೆ, ‘ನೋಸ್’ನ ಆ ‘ಎಸ್’ ‘ಡು’ ಮೇಲೆ ಹತ್ತಿ ‘ಡಸ್’ ಆಗಿದೆ. ಅದಕ್ಕೇ ‘ಡಸ್ ಹಿ ನೋಸ್?’ ತಪ್ಪು, ‘ಹಿ ಡೋಂಟ್ ನೋ’ ಕೂಡ ತಪ್ಪು. ಮೊದಲನೆಯದರಲ್ಲಿ ‘ಎಸ್’ ಎರಡು ಸಲ ಬಂತು, ಎರಡನೆಯದರಲ್ಲಿ ಎಲ್ಲೂ ಬರಲಿಲ್ಲ.

ಈ ಸಹಾಯಕ ಪದಗಳು ಎಷ್ಟು? ಹಳೆಯ ವ್ಯಾಕರಣದ ಪಾಠಗಳಲ್ಲಿ 23ರ ಪಟ್ಟಿ ಕೊಡುವುದು ರೂಢಿ. ‘ಬಿ’ ಮನೆತನದವು 8: ಬಿ, ಆಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್. ‘ಹ್ಯಾವ್’ ಮನೆತನದವು 3: ಹ್ಯಾವ್, ಹ್ಯಾಸ್, ಹ್ಯಾಡ್. ‘ಡು’ ಮನೆತನದವು 3: ಡು, ಡಸ್, ಡಿಡ್. ಉಳಿದ 9 ಮೋಡಲ್‌ಗಳು, ಅಂದರೆ ‘ಬೇಕು’, ‘ಬಹುದು’ ಎಂಬಂಥ ಅರ್ಥ ಸೇರಿಸುವವು: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಪಟ್ಟಿ ಬಾಯಿಗೆ ಬಂದರೆ ಒಳ್ಳೆಯದೇ, ಆದರೆ ಅದರಿಂದ ಒಂದು ವಾಕ್ಯವೂ ನೆಟ್ಟಗಾಗುವುದಿಲ್ಲ. ಮೋಡಲ್‌ಗಳು ಯಾವಾಗಲೂ ಸಹಾಯಕ್ಕೇ ಮೀಸಲು. ಬಿ, ಹ್ಯಾವ್, ಡು ಮೂರೂ ಹಾಗಲ್ಲ, ಕೆಲವೊಮ್ಮೆ ಸಹಾಯಕ, ಕೆಲವೊಮ್ಮೆ ತಾವೇ ಮುಖ್ಯ. ಗೊಂದಲವೆಲ್ಲ ಹುಟ್ಟುವುದು ಇಲ್ಲಿ.

‘ಐ ಹ್ಯಾವ್ ಎ ಬೈಕ್’ ಎಂಬಲ್ಲಿ ‘ಹ್ಯಾವ್’ ಮುಖ್ಯ ಪದ. ಅದರ ಮುಂದೆ ಬೇರೆ ಕ್ರಿಯಾಪದ ಇಲ್ಲ, ‘ನನ್ನ ಹತ್ತಿರ ಇದೆ’ ಎಂಬ ಅರ್ಥ ಅದರದ್ದೇ. ಹಾಗಾಗಿ ಪ್ರಶ್ನೆ ಕೇಳಲು ಅದಕ್ಕೂ ಸಹಾಯಕ ಬೇಕು: ‘ಡು ಯು ಹ್ಯಾವ್ ಎ ಬೈಕ್?’ ‘ಐ ಹ್ಯಾವ್ ಸೋಲ್ಡ್ ದಿ ಬೈಕ್’ನಲ್ಲಿ ಮುಖ್ಯ ಪದ ‘ಸೋಲ್ಡ್’, ‘ಹ್ಯಾವ್’ ಬರೀ ಸಹಾಯಕ. ಪ್ರಶ್ನೆಯಲ್ಲಿ ಅದೇ ಮುಂದೆ ಹೋಗುತ್ತದೆ: ‘ಹ್ಯಾವ್ ಯು ಸೋಲ್ಡ್ ದಿ ಬೈಕ್?’ ಇಲ್ಲಿ ‘ಡು’ಗೆ ಜಾಗವಿಲ್ಲ. ‘ಡು’ ಮುಖ್ಯ ಪದವಾದರೆ ಅದಕ್ಕೆ ಅದೇ ಸಹಾಯಕವಾಗಿ ಬರುತ್ತದೆ: ‘ಡಿಡ್ ಯು ಡು ದಿ ಹೋಮ್‌ವರ್ಕ್?’ ಎರಡು ಸಲ ಬಂದಿದ್ದು ನೋಡಿ ಬೆಚ್ಚುವುದು ಬೇಡ, ಮೊದಲನೆಯದು ಕಾಲ ಹೊತ್ತಿದೆ, ಎರಡನೆಯದು ಅರ್ಥ ಹೊತ್ತಿದೆ. ‘ಬಿ’ ಮಾತ್ರ ಮುಖ್ಯ ಪದವಾಗಿದ್ದಾಗಲೂ ಯಾರ ನೆರವನ್ನೂ ಕೇಳುವುದಿಲ್ಲ. ‘ಶಿ ಈಸ್ ಎ ಡಾಕ್ಟರ್’ ಪ್ರಶ್ನೆಯಾದರೆ ನೇರ ‘ಈಸ್ ಶಿ ಎ ಡಾಕ್ಟರ್?’ ಅಪ್ಪಣೆಯ ವಾಕ್ಯದಲ್ಲಷ್ಟೇ ಅದು ಸೋಲುತ್ತದೆ: ‘ಡೋಂಟ್ ಬಿ ಲೇಟ್.’

ಒಂದು ಪದ ನಿಜಕ್ಕೂ ಸಹಾಯಕವೋ ಅಲ್ಲವೋ ಎಂದು ತಿಳಿಯಲು ಅದು ನಾಲ್ಕು ಕೆಲಸ ಮಾಡುತ್ತದೆಯೇ ನೋಡಿದರೆ ಸಾಕು. ‘ನಾಟ್’ ಅನ್ನು ತನ್ನ ಬೆನ್ನಿಗೆ ಅಂಟಿಸಿಕೊಳ್ಳಬೇಕು. ಪ್ರಶ್ನೆಯಲ್ಲಿ ಕರ್ತೃಪದವನ್ನು ದಾಟಿ ಮುಂದೆ ಹೋಗಬೇಕು. ಮುಖ್ಯ ಪದ ಬಿಟ್ಟು ಚುಟುಕಾಗಿ ಉತ್ತರಿಸುವಾಗ ತಾನೊಂದೇ ನಿಲ್ಲಬೇಕು: ‘ಯೆಸ್, ಐ ಕ್ಯಾನ್.’ ಒತ್ತಿ ಹೇಳಿದಾಗ ಇಡೀ ಮಾತಿನ ಒತ್ತು ಅದರ ಮೇಲೆ ಬೀಳಬೇಕು: ‘ಐ ಡಿಡ್ ಪೇ ದಿ ಬಿಲ್’ ಅಂದರೆ ‘ಕಟ್ಟಿದ್ದೇನೆ ರೀ’ ಅಂತ. ಈ ನಾಲ್ಕರಲ್ಲಿ ಯಾವುದಾದರೂ ಬೇಕಾಗಿ, ವಾಕ್ಯದಲ್ಲಿ ಸಹಾಯಕವೇ ಇಲ್ಲದಿದ್ದರೆ ಇಂಗ್ಲಿಷ್ ‘ಡು’ವನ್ನು ಕರೆತರುತ್ತದೆ. ಹೀಗೆ ಸಹಾಯಕ್ಕೆ ಬಂದ ‘ಡು’ಗೆ ತನ್ನದೇ ಅರ್ಥವೇನೂ ಇಲ್ಲ, ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಮೊದಲಿನಿಂದ ಹೀಗಿರಲಿಲ್ಲ. ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ‘ಐ ನೋ ನಾಟ್’ ಎಂಬುದು ಸಾಮಾನ್ಯ ಮಾತು. ‘ಡು’ ತರುವ ಪದ್ಧತಿ ಕೆಲವು ಶತಮಾನಗಳಲ್ಲಿ ಮೆಲ್ಲಗೆ ಬೇರೂರಿತು.

ಸಹಾಯಕಗಳು ಒಂದಕ್ಕಿಂತ ಹೆಚ್ಚು ಬಂದಾಗ ಅವಕ್ಕೆ ಕಟ್ಟುನಿಟ್ಟಾದ ಸರದಿ ಇದೆ: ಮೊದಲು ಮೋಡಲ್, ಆಮೇಲೆ ಹ್ಯಾವ್, ಆಮೇಲೆ ಬಿ, ಕೊನೆಗೆ ಮುಖ್ಯ ಪದ. ನಡುವಿನದು ಯಾವುದಾದರೂ ಇಲ್ಲದಿರಬಹುದು, ಸರದಿ ಮಾತ್ರ ತಪ್ಪುವುದಿಲ್ಲ. ಪ್ರತಿ ಸಹಾಯಕವೂ ತನ್ನ ಮುಂದಿನ ಪದ ಯಾವ ರೂಪದಲ್ಲಿರಬೇಕು ಎಂದು ತೀರ್ಮಾನಿಸುತ್ತದೆ. ಮೋಡಲ್ ಆದರೆ ಮುಂದಿನದು ವಿ1. ಹ್ಯಾವ್ ಆದರೆ ವಿ3. ಬಿ ಆದರೆ ‘ಇಂಗ್’ ರೂಪ, ಕರ್ಮಣಿ ಪ್ರಯೋಗವಾಗಿದ್ದರೆ ವಿ3.

‘ದಿ ರೋಡ್ ಶುಡ್ ಹ್ಯಾವ್ ಬೀನ್ ರಿಪೇರ್ಡ್’ ಎಂಬುದನ್ನು ಬಿಚ್ಚಿ ನೋಡೋಣ. ‘ಶುಡ್’ ಮೋಡಲ್, ಹಾಗಾಗಿ ಮುಂದೆ ವಿ1 ರೂಪದ ‘ಹ್ಯಾವ್’. ರೋಡ್ ಏಕವಚನವಾದರೂ ‘ಹ್ಯಾಸ್’ ಬರುವುದಿಲ್ಲ, ಯಾಕೆಂದರೆ ಸಾಲಿನ ಮೊದಲ ಪದ ಅದಲ್ಲ. ‘ಹ್ಯಾವ್’ ಬಂದಿದ್ದರಿಂದ ಮುಂದಿನ ‘ಬಿ’ ತನ್ನ ವಿ3 ಆದ ‘ಬೀನ್’ ಆಯಿತು. ಅದು ‘ಬಿ’ ಮನೆತನದ್ದು, ರಸ್ತೆ ತಾನೇ ದುರಸ್ತಿ ಮಾಡುವುದಿಲ್ಲ, ಮಾಡಿಸಿಕೊಳ್ಳುತ್ತದೆ, ಹಾಗಾಗಿ ಮುಖ್ಯ ಪದ ವಿ3 ರೂಪದ ‘ರಿಪೇರ್ಡ್’. ಕನ್ನಡದಲ್ಲಿ ‘ದುರಸ್ತಿಯಾಗಬೇಕಾಗಿತ್ತು’ ಎಂದು ಒಂದೇ ಉಸಿರಿಗೆ ಮುಗಿಸುತ್ತೇವೆ. ಅದರೊಳಗೂ ಆಗು, ಬೇಕು, ಆಗು, ಇರು ಎಂಬ ತುಣುಕುಗಳು ಸರದಿಯಲ್ಲೇ ಕೂತಿವೆ, ಒಟ್ಟಿಗೆ ಬೆಸೆದುಕೊಂಡಿರುವುದರಿಂದ ಕಾಣುವುದಿಲ್ಲ.

ಈ ಸರದಿಯ ನಿಯಮ ಕೈಯಲ್ಲಿದ್ದರೆ ದಿನನಿತ್ಯದ ಹಲವು ತಪ್ಪುಗಳು ಒಟ್ಟಿಗೇ ಬಯಲಾಗುತ್ತವೆ. ‘ಹಿ ವಿಲ್ ಕಮ್ಸ್’, ‘ಐ ಮಸ್ಟ್ ಟು ಗೋ’, ‘ಶಿ ಕ್ಯಾನ್ ಸಿಂಗಿಂಗ್’ ಮೂರೂ ಮೋಡಲ್ ಮುಂದೆ ವಿ1 ಇಡದ ತಪ್ಪುಗಳು. ‘ಐ ಹ್ಯಾವ್ ವೆಂಟ್’, ‘ಐ ಹ್ಯಾವ್ ಸಾ’ ಎರಡೂ ‘ಹ್ಯಾವ್’ ಮುಂದೆ ವಿ3 ಬದಲು ವಿ2 ಇಟ್ಟವು. ‘ಐ ಆಮ್ ಗೋ’, ‘ಐ ಗೋಯಿಂಗ್’ ಇವೆರಡರಲ್ಲಿ ಬಿ ಮತ್ತು ಇಂಗ್ ಜೋಡಿ ಮುರಿದಿದೆ, ಒಂದರಲ್ಲಿ ಇಂಗ್ ಇಲ್ಲ, ಇನ್ನೊಂದರಲ್ಲಿ ಬಿ ಇಲ್ಲ. ಕೇಳಿಸಿಕೊಳ್ಳುವಾಗಲೂ ಇದು ಸಹಾಯಕ್ಕೆ ಬರುತ್ತದೆ. ‘ಹೀಸ್’ ಎಂದು ಕೇಳಿಸಿದರೆ ಅದು ‘ಹಿ ಈಸ್’ ಇರಬಹುದು, ‘ಹಿ ಹ್ಯಾಸ್’ ಇರಬಹುದು. ಮುಂದಿನ ಪದ ‘ಗೋಯಿಂಗ್’ ಆದರೆ ‘ಈಸ್’, ‘ಬೀನ್’ ಆದರೆ ‘ಹ್ಯಾಸ್’. ‘ಐಡ್ ಗೋ’ ಅಂದರೆ ‘ಐ ವುಡ್ ಗೋ’, ‘ಐಡ್ ಗಾನ್’ ಅಂದರೆ ‘ಐ ಹ್ಯಾಡ್ ಗಾನ್’. ಇಂಗ್ಲಿಷ್ ಮಾತಾಡುವವರು ಸಹಾಯಕಗಳನ್ನು ಇಷ್ಟು ಚಿಕ್ಕದಾಗಿ ನುಂಗುವುದರಿಂದಲೇ ಹೊಸಬರಿಗೆ ಅವು ಕೇಳಿಸುವುದಿಲ್ಲ, ಕೇಳಿಸದ್ದರಿಂದ ತಮ್ಮ ಮಾತಿನಲ್ಲೂ ಬಿಟ್ಟುಬಿಡುತ್ತಾರೆ.

ಮೋಡಲ್‌ಗಳಿಗೆ ‘ಎಸ್’ ಯಾಕೆ ಅಂಟುವುದಿಲ್ಲ, ‘ಹಿ ಕ್ಯಾನ್ಸ್’ ಯಾಕಿಲ್ಲ ಎಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಕ್ಯಾನ್, ಮೇ, ಶಲ್‌ಗಳ ಈಗಿನ ರೂಪಗಳು ಬಹು ಹಿಂದೆ ಭೂತಕಾಲದ ರೂಪಗಳಾಗಿದ್ದವು, ಕಾಲ ಕಳೆದಂತೆ ವರ್ತಮಾನದ ಅರ್ಥಕ್ಕೆ ಬಂದವು. ಇಂಗ್ಲಿಷಿನಲ್ಲಿ ಭೂತಕಾಲದ ರೂಪಕ್ಕೆ ‘ಎಸ್’ ಸೇರುವುದಿಲ್ಲ, ‘ಹಿ ವೆಂಟ್ಸ್’ ಇಲ್ಲವಲ್ಲ, ಹಾಗೆ.

ಅರ್ಥದ ಮಟ್ಟಿಗೆ ಹೇಳಬೇಕೆಂದರೆ ಕನ್ನಡದ ‘ಬೇಕು’, ‘ಬಹುದು’, ‘ಬಾರದು’ಗಳು ಮೋಡಲ್‌ಗಳಿಗೆ ಹತ್ತಿರದವು, ಆದರೆ ಸರಿಯಾಗಿ ಒಂದರ ಮೇಲೊಂದು ಕೂರುವುದಿಲ್ಲ. ಕೆಲವು ಕಡೆ ಕನ್ನಡವೇ ಹೆಚ್ಚು ಸ್ಪಷ್ಟ. ‘ಹೋಗಬಾರದು’ ಮತ್ತು ‘ಹೋಗಬೇಕಾಗಿಲ್ಲ’ ನಮಗೆ ಬೇರೆ ಬೇರೆ ಎಂದು ಹೇಳಿಕೊಡಬೇಕಿಲ್ಲ. ಇಂಗ್ಲಿಷಿನಲ್ಲಿ ‘ಮಸ್ಟ್’ ಮತ್ತು ‘ಹ್ಯಾವ್ ಟು’ ಎರಡಕ್ಕೂ ‘ಬೇಕು’ ಎಂಬ ಅರ್ಥ ಕಲಿತವರು ‘ಯು ಮಸ್ಟ್ ನಾಟ್ ಕಮ್ ಟುಮಾರೋ’ ಅನ್ನುತ್ತಾರೆ, ಮನಸ್ಸಿನಲ್ಲಿರುವುದು ‘ನಾಳೆ ಬರಬೇಕಾಗಿಲ್ಲ’, ಕೇಳಿದವರಿಗೆ ತಲುಪುವುದು ‘ನಾಳೆ ಬರಕೂಡದು’. ಮನೆಗೆಲಸದವರಿಗೋ ಅತಿಥಿಗೋ ಹೀಗೆ ಹೇಳಿದರೆ ಮನಸ್ತಾಪವೇ ಆದೀತು. ಬೇಕಾಗಿಲ್ಲ ಎಂಬುದಕ್ಕೆ ‘ಯು ಡೋಂಟ್ ಹ್ಯಾವ್ ಟು ಕಮ್’.

ಇನ್ನು ಕೆಲವು ಕಡೆ ಕನ್ನಡದ ಒಂದು ರೂಪ ಎರಡು ಅರ್ಥ ಹೊತ್ತಿರುತ್ತದೆ. ‘ನಿನ್ನೆ ಬ್ಯಾಂಕಿಗೆ ಹೋಗಬೇಕಾಗಿತ್ತು’ ಎಂದರೆ ಏನು? ಹೋಗಲೇಬೇಕಾದ ಪ್ರಸಂಗ ಬಂತು, ಅದಕ್ಕೇ ಆಫೀಸಿಗೆ ತಡವಾಯಿತು ಎನ್ನುವಾಗಲೂ ಇದೇ ಮಾತು. ಹೋಗಬೇಕಿತ್ತು, ಆದರೆ ಹೋಗಲಿಲ್ಲ ಎಂಬ ಕೊರಗಿಗೂ ಇದೇ ಮಾತು. ಇಂಗ್ಲಿಷ್ ಇಲ್ಲಿ ಕವಲೊಡೆಯುತ್ತದೆ. ಹೋಗಿ ಬಂದಿದ್ದರೆ ‘ಐ ಹ್ಯಾಡ್ ಟು ಗೋ’, ಹೋಗದೆ ಉಳಿದಿದ್ದರೆ ‘ಐ ಶುಡ್ ಹ್ಯಾವ್ ಗಾನ್’. ಬಾಯಿ ತೆರೆಯುವ ಮೊದಲು ‘ಕೊನೆಗೆ ಹೋದೆನೋ ಇಲ್ಲವೋ’ ಎಂದು ತನ್ನನ್ನೇ ಕೇಳಿಕೊಂಡರೆ ಸರಿಯಾದ ರೂಪ ಸಿಗುತ್ತದೆ. ‘ಮಸ್ಟ್’ಗೆ ಈ ಅರ್ಥದಲ್ಲಿ ತನ್ನದೇ ಭೂತಕಾಲದ ರೂಪವಿಲ್ಲ. ‘ಐ ಮಸ್ಟ್ ಹ್ಯಾವ್ ಗಾನ್’ ಎಂದರೆ ‘ಹೋಗಿರಲೇಬೇಕು’ ಎಂಬ ಊಹೆಯಾಗುತ್ತದೆ, ನಿರ್ಬಂಧ ಆಗುವುದಿಲ್ಲ.

ಆಫೀಸಿನ ಮೇಲ್‌ಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ತಪ್ಪು ‘ಐ ವುಡ್ ಬಿ ಅಟೆಂಡಿಂಗ್ ದಿ ಮೀಟಿಂಗ್ ಟುಮಾರೋ’. ‘ವುಡ್’ ಹಾಕಿದರೆ ವಿನಯ ಹೆಚ್ಚು ಎಂಬ ನಂಬಿಕೆ ಇದರ ಹಿಂದಿದೆ. ‘ವುಡ್ ಯು ಪ್ಲೀಸ್ ಸೆಂಡ್ ಇಟ್?’ ಎಂದು ಕೇಳಿಕೊಳ್ಳುವಾಗ ಅದು ನಿಜವೂ ಹೌದು. ಆದರೆ ನಾನು ಏನು ಮಾಡುತ್ತೇನೆ ಎಂದು ತಿಳಿಸುವಾಗ ‘ವುಡ್’ ಬಂದರೆ ಓದುವವರು ‘ಬರುತ್ತಿದ್ದೆ, ಆದರೆ...’ ಎಂಬ ಷರತ್ತಿಗಾಗಿ ಕಾಯುತ್ತಾರೆ. ಬರುವುದು ಖಚಿತವಾಗಿದ್ದರೆ ‘ಐ ವಿಲ್ ಅಟೆಂಡ್’ ಸಾಕು. ‘ಯೂಸ್ಡ್ ಟು’ ವಿಷಯದಲ್ಲೂ ಎಚ್ಚರ ಬೇಕು. ಈಗಲೂ ದಿನಾ ವಾಕಿಂಗ್ ಹೋಗುತ್ತಿರುವವರು ‘ಐ ಯೂಸ್ಡ್ ಟು ಗೋ ಫಾರ್ ಎ ವಾಕ್’ ಅಂದರೆ, ಮೊದಲು ಹೋಗುತ್ತಿದ್ದರು, ಈಗ ಬಿಟ್ಟಿದ್ದಾರೆ ಎಂದಾಗುತ್ತದೆ. ಈಗಿನ ರೂಢಿಗೆ ಬರೀ ‘ಐ ಗೋ’.

‘ಹ್ಯಾವ್’ ನಮಗೆ ಕಾಡುವುದಕ್ಕೆ ಮೂಲ ಕಾರಣ ಕನ್ನಡದ ‘ಇರು’. ನಾವು ಇರುವುದನ್ನು ಹೇಳಲೂ ಅದನ್ನೇ ಬಳಸುತ್ತೇವೆ, ಹೊಂದಿರುವುದನ್ನು ಹೇಳಲೂ ಅದನ್ನೇ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ಅವರು ಮನೆಯಲ್ಲಿದ್ದಾರೆ’, ‘ಅವರು ಬಂದಿದ್ದಾರೆ’, ‘ಅವರು ಬರುತ್ತಿದ್ದಾರೆ’ ನಾಲ್ಕರಲ್ಲೂ ‘ಇದ್ದಾರೆ’ ಇದೆ. ಇಂಗ್ಲಿಷ್ ಇದನ್ನು ಎರಡಾಗಿ ಹಂಚುತ್ತದೆ: ಮೊದಲನೆಯದಕ್ಕೂ ಮೂರನೆಯದಕ್ಕೂ ‘ಹ್ಯಾವ್’, ಎರಡನೆಯದಕ್ಕೂ ನಾಲ್ಕನೆಯದಕ್ಕೂ ‘ಬಿ’. ಜತೆಗೆ ‘ಬಂದಿದ್ದೇನೆ’ ರೂಪದ ಮುಂದೆ ನಾವು ‘ನಿನ್ನೆ’ಯನ್ನು ಸಲೀಸಾಗಿ ಇಡುತ್ತೇವೆ: ‘ನಿನ್ನೆಯೇ ದುಡ್ಡು ಕಳಿಸಿದ್ದೇನೆ.’ ಇಂಗ್ಲಿಷಿನ ‘ಐ ಹ್ಯಾವ್ ಸೆಂಟ್’ ಮುಗಿದುಹೋದ ನಿರ್ದಿಷ್ಟ ಹೊತ್ತನ್ನು ತನ್ನ ಪಕ್ಕ ಸೇರಿಸಿಕೊಳ್ಳುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, 2019ರಲ್ಲಿ ಎಂದೆಲ್ಲ ಹೇಳುವುದಿದ್ದರೆ ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಎಂದು ಬರೀ ವಿ2 ಬಳಸಬೇಕು.

ಈಗ ಮುಖ್ಯ ಕ್ರಿಯಾಪದಗಳ ಬಗೆ. ಶಾಲೆಯಲ್ಲಿ ಕಲಿತ ಸಕರ್ಮಕ, ಅಕರ್ಮಕ ಇಲ್ಲೂ ಉಂಟು. ಪದವನ್ನು ಕಲಿಯುವಾಗಲೇ ಅದು ಕರ್ಮಪದವನ್ನು ಹೇಗೆ ಹಿಡಿಯುತ್ತದೆ ಎಂದು ಕಲಿಯಬೇಕು. ‘ಡಿಸ್ಕಸ್’ ಸಕರ್ಮಕ, ಅದರೊಳಗೇ ‘ಬಗ್ಗೆ’ ಎಂಬುದು ಇದೆ, ಹಾಗಾಗಿ ‘ಡಿಸ್ಕಸ್ ಅಬೌಟ್’ ಬೇಡ, ‘ಡಿಸ್ಕಸ್ ದಿ ಪ್ರಾಬ್ಲಮ್’. ‘ಗಿವ್ ಮಿ ದಿ ಬುಕ್’ ಸರಿ ಎಂದು ‘ಎಕ್ಸ್‌ಪ್ಲೇನ್ ಮಿ ದಿ ಲೆಸನ್’ ಅಂದರೆ ಸರಿಯಲ್ಲ, ‘ಎಕ್ಸ್‌ಪ್ಲೇನ್ ದಿ ಲೆಸನ್ ಟು ಮಿ’ ಅನ್ನಬೇಕು.

ಲಿಂಕಿಂಗ್ ವರ್ಬ್‌ಗಳು ಬೇರೆ ಜಾತಿ. ಅವು ಕೆಲಸ ಹೇಳುವುದಿಲ್ಲ, ಕರ್ತೃವನ್ನು ಅದರ ಗುಣಕ್ಕೋ ಗುರುತಿಗೋ ಕಟ್ಟುತ್ತವೆ. ‘ಅವನು ಡಾಕ್ಟರ್’, ‘ಸಾರು ಖಾರ’ ಎಂದರೆ ಕನ್ನಡದ ವಾಕ್ಯ ಪೂರ್ಣವಾಯಿತು, ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಹಿ ಡಾಕ್ಟರ್’ ನಿಲ್ಲುವುದಿಲ್ಲ, ‘ಈಸ್’ ಬೇಕೇ ಬೇಕು. ಬಿಕಮ್, ಸೀಮ್, ಲುಕ್, ಸ್ಮೆಲ್, ಟೇಸ್ಟ್‌ಗಳೂ ಈ ಜಾತಿಗೆ ಸೇರುತ್ತವೆ. ಇವುಗಳ ಮುಂದೆ ಗುಣವಾಚಕ ಬರುತ್ತದೆ, ಹಾಗಾಗಿ ‘ದಿ ಸಾಂಬಾರ್ ಸ್ಮೆಲ್ಸ್ ನೈಸ್’, ‘ನೈಸ್ಲಿ’ ಅಲ್ಲ. ಆದರೆ ಇವು ‘ಬಿ’ ಹಾಗೆ ಸಹಾಯಕದ ಕೆಲಸ ಮಾಡಲಾರವು: ಪ್ರಶ್ನೆಗೆ ‘ಡಸ್ ಇಟ್ ಸ್ಮೆಲ್ ನೈಸ್?’ ಎಂದು ‘ಡು’ ಬರಲೇಬೇಕು.

ಇನ್ನೊಂದು ಗುಂಪು ಸ್ಥಿತಿಯನ್ನು ಹೇಳುವ ಪದಗಳದು: ನೋ, ಅಂಡರ್‌ಸ್ಟ್ಯಾಂಡ್, ವಾಂಟ್, ಲೈಕ್, ಬಿಲೀವ್, ಬಿಲಾಂಗ್, ಮತ್ತು ‘ಹೊಂದಿರು’ ಎಂಬ ಅರ್ಥದ ‘ಹ್ಯಾವ್’. ಇವು ನಡೆಯುತ್ತಿರುವ ಕೆಲಸಗಳಲ್ಲ, ಸಾಮಾನ್ಯವಾಗಿ ‘ಇಂಗ್’ ತಾಳುವುದಿಲ್ಲ. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’, ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಎಂಬ ಮಾತುಗಳು ನಮ್ಮಲ್ಲಿ ಎಷ್ಟು ಸಾಮಾನ್ಯವೋ ಪರೀಕ್ಷೆಯಲ್ಲಿ ಅಷ್ಟೇ ಅಂಕ ಕಳೆಯುತ್ತವೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿ, ಅಲ್ಲಿ ‘ಹ್ಯಾವ್’ ಅಂದರೆ ಊಟ ಮಾಡುವುದು, ಅದು ಕೆಲಸ.

ಪ್ರಶ್ನೆಗಳ ವಿಷಯಕ್ಕೆ ಮತ್ತೆ ಬರೋಣ, ಮಾತಿನಲ್ಲಿ ಹೆಚ್ಚು ಎಡವುವುದು ಅಲ್ಲೇ. ‘ಎಲ್ಲಿ ಹೋಗುತ್ತಿದ್ದೀರಿ?’ ಎಂಬುದನ್ನು ಜೋಡಿಸಿ ‘ವೇರ್ ಯು ಆರ್ ಗೋಯಿಂಗ್?’ ಅನ್ನುತ್ತೇವೆ. ‘ವೇರ್’ ಬಂದರೂ ಸಹಾಯಕ ಕರ್ತೃವನ್ನು ದಾಟಲೇಬೇಕು: ‘ವೇರ್ ಆರ್ ಯು ಗೋಯಿಂಗ್?’ ಇದನ್ನು ಚೆನ್ನಾಗಿ ಕಲಿತವರು ಮುಂದೆ ಇನ್ನೊಂದು ತಪ್ಪು ಮಾಡುತ್ತಾರೆ. ಪ್ರಶ್ನೆ ಬೇರೊಂದು ವಾಕ್ಯದೊಳಗೆ ಸೇರಿದರೆ ಈ ದಾಟುವಿಕೆ ನಿಲ್ಲುತ್ತದೆ: ‘ಟೆಲ್ ಮಿ ವೇರ್ ಯು ಆರ್ ಗೋಯಿಂಗ್.’ ‘ಹೂ’ ಅಥವಾ ‘ವಾಟ್’ ತಾನೇ ಕರ್ತೃವಾಗಿದ್ದರೆ ದಾಟಲು ಏನೂ ಇಲ್ಲ, ‘ಡು’ ಕೂಡ ಬೇಡ: ‘ಹೂ ಕೇಮ್?’ ಆದರೆ ‘ಹೂಮ್ ಡಿಡ್ ಯು ಸೀ?’

ಕೊನೆಯದಾಗಿ ‘ಅಲ್ವಾ?’ ಮತ್ತು ‘ಹೌದು’. ‘ಅಲ್ವಾ’ ಎಲ್ಲ ವಾಕ್ಯಕ್ಕೂ ಹೊಂದುತ್ತದೆ, ಹಾಗಾಗಿ ನಾವು ‘ಈಸಂಟ್ ಇಟ್’ ಅನ್ನೂ ಎಲ್ಲದಕ್ಕೂ ಅಂಟಿಸುತ್ತೇವೆ. ಇಂಗ್ಲಿಷಿನ ಬಾಲಪ್ರಶ್ನೆಯಲ್ಲಿ ಅದೇ ವಾಕ್ಯದ ಸಹಾಯಕ ಮರಳಿ ಬರಬೇಕು: ‘ಯು ಕ್ಯಾನ್ ಡ್ರೈವ್, ಕಾಂಟ್ ಯು?’, ‘ಶಿ ಹ್ಯಾಸ್ ಲೆಫ್ಟ್, ಹ್ಯಾಸಂಟ್ ಶಿ?’ ಸಹಾಯಕವೇ ಇಲ್ಲದ ‘ಯು ಕೇಮ್ ಯೆಸ್ಟರ್ಡೇ’ ವಾಕ್ಯಕ್ಕೆ ‘ಡಿಡಂಟ್ ಯು?’ ‘ಊಟ ಮಾಡಿಲ್ವಾ?’ ಎಂದು ಯಾರಾದರೂ ಕೇಳಿದರೆ ಕನ್ನಡದಲ್ಲಿ ‘ಹೌದು, ಮಾಡಿಲ್ಲ’ ಎನ್ನಬಹುದು, ಕೇಳಿದವರ ಊಹೆ ನಿಜ ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ‘ಯೆಸ್’ ಹೇಳಿದರೆ ಮುಂದಿನ ಸಹಾಯಕ ‘ಹ್ಯಾವ್’, ‘ನೋ’ ಹೇಳಿದರೆ ‘ಹ್ಯಾವಂಟ್’: ‘ಹ್ಯಾವಂಟ್ ಯು ಈಟನ್?’ ಎಂಬುದಕ್ಕೆ ಊಟ ಆಗದಿದ್ದರೆ ಉತ್ತರ ‘ನೋ, ಐ ಹ್ಯಾವಂಟ್’. ಬರೀ ‘ಯೆಸ್’ ಎಂದು ನಿಲ್ಲಿಸಿದರೆ ಕೇಳಿದವರು ಊಟ ಆಗಿದೆ ಎಂದುಕೊಳ್ಳುತ್ತಾರೆ.

ಅಭ್ಯಾಸಕ್ಕೆ ಪುಟಗಟ್ಟಲೆ ಎಕ್ಸರ್‌ಸೈಜ್ ಬೇಕಿಲ್ಲ. ದಿನಕ್ಕೆ ಒಂದು ವಾಕ್ಯ ತೆಗೆದುಕೊಳ್ಳಿ, ‘ರವಿ ರೈಟ್ಸ್ ಲೆಟರ್ಸ್’ ಅಂಥದ್ದು. ಅದನ್ನು ಇಲ್ಲವೆಂದು ಹೇಳಿ, ಪ್ರಶ್ನೆ ಮಾಡಿ, ಬಾಲಪ್ರಶ್ನೆ ಸೇರಿಸಿ, ಚುಟುಕಾಗಿ ಉತ್ತರಿಸಿ. ಅದೇ ನಾಲ್ಕನ್ನು ‘ವಾಸ್ ರೈಟಿಂಗ್’, ‘ಹ್ಯಾಸ್ ರಿಟನ್’, ‘ಶುಡ್ ಹ್ಯಾವ್ ರಿಟನ್’ ಇಟ್ಟು ಮತ್ತೆ ಮಾಡಿ, ಜೋರಾಗಿ ಬಾಯಿಬಿಟ್ಟು. ಎಲ್ಲಿ ತಡವರಿಸುತ್ತೀರೋ ಅಲ್ಲಿ ಸಾಲಿನ ಮೊದಲ ಪದ ಯಾವುದು, ಅದರ ಮುಂದಿನದು ವಿ1 ಇರಬೇಕೋ, ವಿ3 ಇರಬೇಕೋ, ಇಂಗ್ ಇರಬೇಕೋ ಎಂದು ನಿಂತು ನೋಡಿ. ‘ರೈಟ್’ ಆಯ್ದುಕೊಂಡಿದ್ದಕ್ಕೆ ಕಾರಣವಿದೆ: ಅದರ ರೈಟ್, ರೋಟ್, ರಿಟನ್ ಮೂರೂ ಬೇರೆ ಬೇರೆಯಾಗಿರುವುದರಿಂದ ತಪ್ಪಿದ್ದು ತಕ್ಷಣ ಕಿವಿಗೆ ಹೊಡೆಯುತ್ತದೆ. ‘ವರ್ಕ್’, ‘ರಿಪೇರ್’ ತರಹದ ಪದಗಳಲ್ಲಿ ವಿ2, ವಿ3 ಒಂದೇ, ‘ಕಟ್’, ‘ಪುಟ್’ಗಳಲ್ಲಿ ಮೂರೂ ಒಂದೇ, ಅವುಗಳಲ್ಲಿ ಅಭ್ಯಾಸ ಮಾಡಿದರೆ ತಪ್ಪು ಕೇಳಿಸದೆ ದಾಟಿಹೋಗುತ್ತದೆ.